ಕಂಬಳಿಯೊಳಗಿನ ಬೆಳಕು

ಹಾಸ್ಟೆಲ್ ವಾರ್ಡನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದಳು. ಕಾಫಿ ಕುಡಿದು ಅದೂ ಇದೂ ಮಾತಾಡಿದ ಮೇಲೆ, ಮಕ್ಕಳು ಮಲಗುವ ಹೊತ್ತಿನಲ್ಲಿ ಫೋನು ಕೆಳಗಿಡುವುದಿಲ್ಲ, ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಡುವುದಿಲ್ಲ, ಏನು ಮಾಡಲಿ ಮೇಡಂ ಎಂದು ಕೇಳಿದಳು. ಅವಳ ಬಸ್ಸಿಗೆ ಹೊತ್ತಾಗಿತ್ತು. ಏನೋ ಒಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ, ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು ಅನ್ನಿಸಿತು. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದೆಲ್ಲ ಆಲೂರು, ಸಕಲೇಶಪುರದ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ. ಕೆಲಸಕ್ಕೆ ಸೇರುವಾಗ ಕೊಟ್ಟ ಆದೇಶದಲ್ಲಿ ಊಟ, ವಸತಿ, ಶಿಸ್ತು, ಓದು ಎಂದೆಲ್ಲ ಬರೆದಿತ್ತು. ನಿದ್ದೆ ಎಂಬ ಮಾತು ಅದರಲ್ಲಿರಲಿಲ್ಲ. ಮನೆ ಬಿಟ್ಟು ಬಂದ ಮಕ್ಕಳು ಅನ್ನ ಹೇಗಿದ್ದರೂ ಉಣ್ಣುತ್ತವೆ, ತಣ್ಣೀರಾದರೂ ಮುಖಕ್ಕೆ ಹಾಕಿಕೊಳ್ಳುತ್ತವೆ. ನಿದ್ದೆ ಮಾತ್ರ ಹೇಳಿದ ಕಡೆ ಬರುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಸಾಲಾಗಿ ನಿಂತ ಮುಖಗಳನ್ನು ನೋಡಿ, ಯಾರು ಮಲಗಿದ್ದಾರೆ, ಯಾರು ಇಲ್ಲ ಎಂದು ಗುರುತಿಸುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ತೊಂಬತ್ತರ ದಶಕದ ನಡುವೆ ನಾನು ಆಲೂರಿನಲ್ಲಿದ್ದೆ. ಹಾಸ್ಟೆಲ್‌ನಲ್ಲಿ ಓದಿ ಹೋದ ಒಬ್ಬಳನ್ನು ತಮ್ಮ ಮನೆಗೆ ಸೊಸೆಯಾಗಿ ತಂದುಕೊಂಡಿದ್ದ ಕಾಫಿ ಬೆಳೆಗಾರರೊಬ್ಬರು, ಆ ಸಂತೋಷಕ್ಕೆ ನಮಗೆ ಒಂದು ಕಲರ್ ಟಿ.ವಿ. ಕೊಟ್ಟರು. ಪ್ಲಗ್ ಇದ್ದದ್ದು ಮಕ್ಕಳು ಮಲಗುವ ದೊಡ್ಡ ಕೋಣೆಯಲ್ಲಿ ಮಾತ್ರ. ಅಲ್ಲೇ ಕಬ್ಬಿಣದ ಬೀರುವಿನ ಮೇಲೆ ಅದನ್ನು ಕೂರಿಸಿದೆವು. ಮಕ್ಕಳು ಹಾಸಿಗೆ ಹಾಸಿಕೊಂಡು, ಒಬ್ಬರ ಭುಜಕ್ಕೆ ಒಬ್ಬರು ಒರಗಿಕೊಂಡು ಧಾರಾವಾಹಿ ನೋಡುವುದನ್ನು ಕಂಡರೆ ನನಗೂ ಖುಷಿಯಾಗುತ್ತಿತ್ತು. ಎಷ್ಟೋ ಮಕ್ಕಳು ಅದಕ್ಕೂ ಮೊದಲು ಟಿ.ವಿ.ಯನ್ನು ಎಸ್ಟೇಟ್ ಬಂಗಲೆಯ ಕಿಟಕಿಯಾಚೆ ನಿಂತು ನೋಡಿದವರು.

ಆ ಮಳೆಗಾಲದ ಹೊತ್ತಿಗೆ ಶಾಲೆಯಿಂದ ದೂರು ಬರತೊಡಗಿತು. ಹಾಸ್ಟೆಲ್ ಮಕ್ಕಳು ಮೊದಲ ಪಾಠದಲ್ಲೇ ತೂಕಡಿಸುತ್ತಾರೆ ಎಂದು. ನಾಗರತ್ನ ಎಂಬ ಐದನೇ ಕ್ಲಾಸಿನ ಹುಡುಗಿ, ದೆವ್ವದ ಧಾರಾವಾಹಿಯೊಂದನ್ನು ನೋಡಿ ಹೆದರಿ, ಒಬ್ಬಳೇ ಮಲಗುವುದನ್ನೇ ಬಿಟ್ಟಳು. ದೊಡ್ಡ ಹುಡುಗಿಯರ ನಡುವೆ ತೂರಿಕೊಂಡು, ಅವರನ್ನೂ ಮಲಗಗೊಡದೆ ಬೆಳಗು ಮಾಡುತ್ತಿದ್ದಳು. ಆಗ ನಮ್ಮ ತಾಲ್ಲೂಕು ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಟಿ.ವಿ.ಯಿಂದ ಸಾಮಾನ್ಯ ಜ್ಞಾನ ಬೆಳೆಯುತ್ತದೆ, ಅದನ್ನು ಮುಟ್ಟುವುದು ಬೇಡ, ಮಕ್ಕಳಿಗೆ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿಸಿ ಎಂದರು. ಮಲೆನಾಡಿನ ಆಷಾಢದಲ್ಲಿ ತಣ್ಣೀರು ಸ್ನಾನ! ನಾನು ಹೂಂ ಎಂದು ಬಂದೆ, ಮಾಡಿಸಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬದಲಿ ಬರುವುದು ದಿನದಿಂದ ದಿನಕ್ಕೆ ಮುಂದೆ ಹೋಯಿತು. ಮಕ್ಕಳು ಲಾಂದ್ರದ ಬೆಳಕಿನಲ್ಲಿ ಉಂಡು, ಧಾರಾವಾಹಿಯ ಕಥೆ ತಪ್ಪಿಹೋಯಿತೆಂದು ಗೊಣಗಿಕೊಂಡು ಮಲಗುತ್ತಿದ್ದರು. ಮೊದಲು ಬರೀ ಗೊಣಗಾಟ. ಆಮೇಲೆ ಒಂದು ಬೆಳಿಗ್ಗೆ, ಗಂಟೆ ಹೊಡೆಯಲು ಎದ್ದು ಹೊರಗೆ ಬಂದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಗು ಕೇಳಿಸಿತು. ಯಾರೂ ಎಬ್ಬಿಸದೆ ಅವರೇ ಎದ್ದು ಜಡೆ ಹಾಕಿಕೊಳ್ಳುತ್ತಿದ್ದರು. ನಾಗರತ್ನಳೂ ಇದ್ದಳು. ಅವಳ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು.

ಅದೇ ದಿನಗಳಲ್ಲಿ ಅಧಿಕಾರಿಗಳು ತಪಾಸಣೆಗೆ ಬಂದರು. ಪ್ರಾರ್ಥನೆ ಹೇಳುವ ಮಕ್ಕಳನ್ನು ನೋಡಿ ಏನು ಔಷಧಿ ಕೊಟ್ಟಿರಿ ಎಂದು ಕೇಳಿದರು. ಕರೆಂಟಿಲ್ಲ ಸಾರ್, ಅಷ್ಟೇ ಎಂದೆ. ಅವರು ಬೀರುವಿನ ಮೇಲೆ ಬಟ್ಟೆ ಹೊದ್ದು ಕೂತಿದ್ದ ಟಿ.ವಿ.ಯನ್ನು ಸ್ವಲ್ಪ ಹೊತ್ತು ನೋಡಿದರು.

“ಹಂಗಾದ್ರೆ ಟ್ರಾನ್ಸ್‌ಫಾರ್ಮರ್ ಬ್ಯಾಡ ಅಂತ ಬರೀಲೇನಮ್ಮ?” ಎಂದು ನಕ್ಕರು.

ಆದರೆ ಹೋಗುವ ಮೊದಲು ಊಟದ ಕೋಣೆಗೆ ವೈರ್ ಎಳೆಸಲು ಒಪ್ಪಿಗೆ ಕೊಟ್ಟೇ ಹೋದರು. ಟಿ.ವಿ. ಅಲ್ಲಿಗೆ ಹೋಯಿತು. ಊಟದ ತಟ್ಟೆ ತೊಳೆಯುವ ಹೊತ್ತಿಗೆ ಆರಿಸುವುದು ಎಂದಾಯಿತು. ಮಕ್ಕಳು ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ನನ್ನ ಬೆನ್ನ ಹಿಂದೆ ಏನೋ ಅಡ್ಡಹೆಸರೂ ಇಟ್ಟಿದ್ದರು. ಅದೇನೆಂದು ನನಗೆ ಇವತ್ತಿಗೂ ಯಾರೂ ಹೇಳಿಲ್ಲ.

ಟಿ.ವಿ.ಯ ಕಾಲ ಒಂದು ರೀತಿಯಲ್ಲಿ ಸುಲಭದ್ದು. ಅದು ಇದ್ದದ್ದು ಒಂದೇ ಕಡೆ. ಆರಿಸಿದರೆ ಎಲ್ಲರಿಗೂ ಆರುತ್ತಿತ್ತು. ಫೋನು ಬಂದ ಮೇಲೆ ಹಾಗಾಗಲಿಲ್ಲ.

ನಾನು ಸಕಲೇಶಪುರದ ಕಾಲೇಜು ಹುಡುಗಿಯರ ಹಾಸ್ಟೆಲ್‌ಗೆ ಬಂದ ಮೇಲೆ, ಎರಡು ಸಾವಿರದ ಇಸವಿಯ ಆಚೆ, ಒಬ್ಬೊಬ್ಬರ ಕೈಯಲ್ಲೂ ಗುಂಡಿ ಒತ್ತುವ ಸಣ್ಣ ಫೋನುಗಳು ಕಾಣಿಸತೊಡಗಿದವು. ದೀಪ ಆರಿಸಿದ ಮೇಲೆ ಕಂಬಳಿಗಳ ಒಳಗೆ ಅಲ್ಲೊಂದು ಇಲ್ಲೊಂದು ಮಂಕು ಬೆಳಕು. ಮೆಸೇಜು, ಹಾವಿನ ಆಟ, ರಿಂಗ್‌ಟೋನು. ಬೆಳಿಗ್ಗೆ ಮತ್ತೆ ಅವೇ ಮುಖಗಳು: ಊದಿದ ಕಣ್ಣು, ಸಿಡುಕು, ಉಪ್ಪಿಟ್ಟಿನ ಮುಂದೆ ಕೂತು ತಲೆ ಹಿಡಿದುಕೊಳ್ಳುವುದು.

ಒಂದು ವರ್ಷ ಹೊಸದಾಗಿ ಸೇರಿದವರಲ್ಲಿ ಪವಿತ್ರ ಎಂಬ ಹುಡುಗಿ ಇದ್ದಳು. ಬೆಳಗೋಡಿನ ಹತ್ತಿರದ ಹಳ್ಳಿಯವಳು, ಮೊದಲ ಪಿ.ಯು.ಸಿ. ತಂದೆ ಇರಲಿಲ್ಲ. ತಾಯಿ ಸ್ವಲ್ಪ ಗದ್ದೆ, ಒಂದಿಷ್ಟು ಕಾಫಿ ಗಿಡ ನೋಡಿಕೊಂಡಿದ್ದಾರೆ ಎಂದಷ್ಟೇ ನನಗೆ ಗೊತ್ತಿತ್ತು. ಹುಡುಗಿ ಮೆತ್ತಗಿನ ಸ್ವಭಾವದವಳು. ಮಾತಾಡುವಾಗ ಕೈಗಳನ್ನು ತುಂಬ ಆಡಿಸುತ್ತಿದ್ದಳು. ಎದುರಿನವರ ಬಾಯಿ ನೋಡುತ್ತ ಕೇಳುತ್ತಿದ್ದಳು. ಸೇರಿದ ಸ್ವಲ್ಪ ದಿನಕ್ಕೇ ಅವಳು ಸಾರು ಬಡಿಸಿಕೊಳ್ಳುವ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ನಿದ್ದೆ ಹೋಗುವುದು, ಜಡೆ ಅರ್ಧ ಹೆಣೆದು ಗೋಡೆಗೆ ಒರಗಿಬಿಡುವುದು ನಡೆಯಿತು. ಕಾಲೇಜಿನಲ್ಲಿ ಲೆಕ್ಕದ ಲೆಕ್ಚರರ್ ಅವಳನ್ನು ತರಗತಿಯ ಹೊರಗೆ ನಿಲ್ಲಿಸಿದರೆ ಅಲ್ಲೂ ಕಂಬಕ್ಕೆ ಒರಗಿ ಮಲಗಿದ್ದಳಂತೆ. ಪಕ್ಕದ ಹಾಸಿಗೆಯ ಹುಡುಗಿಯರು ನನಗೆ ಹೇಳಿದ್ದು ಇಷ್ಟು: ಅವಳ ಕಂಬಳಿಯೊಳಗೆ ಬೆಳಗಿನ ತನಕ ಬೆಳಕು ಆರುವುದಿಲ್ಲ.

ಎಲ್ಲರೂ ಊಹಿಸಿದ್ದು ಒಂದೇ. ಯಾರೋ ಹುಡುಗ ಇರಬೇಕು. ನಾನು ಕರೆದು ಕೇಳಿದರೆ ಇಲ್ಲ ಮೇಡಂ ಎಂದು ತಲೆ ಬಗ್ಗಿಸುತ್ತಿದ್ದಳು, ಅದಕ್ಕಿಂತ ಮುಂದೆ ಮಾತಿಲ್ಲ.

ಆಗಿನ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು, ಚುರುಕಿನವರು. ಯಾವ ಹಾಸ್ಟೆಲ್‌ನಲ್ಲೂ ಫೋನು ಇರಕೂಡದು, ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಕಚೇರಿಗೆ ತನ್ನಿ, ವರ್ಷದ ಕೊನೆಗೆ ವಾಪಸು ಕೊಡೋಣ ಎಂದು ಹೇಳಿ ಕಳಿಸಿದರು. ನಾನು ಮಕ್ಕಳನ್ನು ಕೂರಿಸಿ ವಿಷಯ ತಿಳಿಸಿ, ಸೋಮವಾರದ ತನಕ ಸಮಯ ಕೊಟ್ಟೆ. ಪವಿತ್ರ ಆಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಫೋನು ಕೊಡಾಕಾಗಲ್ಲ ಮೇಡಂ. ಬೇಕಾದ್ರೆ ನಾನು ಹಾಸ್ಟೆಲ್ ಬುಡ್ತೀನಿ.”

ಊರಿನಿಂದ ದಿನಾ ಓಡಾಡಲು ಅವಳಿಗೆ ಸರಿಯಾದ ಬಸ್ಸಿರಲಿಲ್ಲ. ಹಾಸ್ಟೆಲ್ ಬಿಡುವುದೆಂದರೆ ಓದು ಬಿಡುವುದೇ. ಅದು ಅವಳಿಗೂ ಗೊತ್ತಿತ್ತು. ಭಾನುವಾರ ಊರಿಗೆ ಹೋಗಿ ಅಮ್ಮನನ್ನು ಕೇಳಿಕೊಂಡು ಬಾ ಎಂದು ಕಳಿಸಿದೆ.

ಸೋಮವಾರ ಅವಳು ಬರಲಿಲ್ಲ. ಕಾಲೇಜಿಗೂ ಹೋಗಿಲ್ಲವೆಂದು ಮಧ್ಯಾಹ್ನ ಗೊತ್ತಾಯಿತು. ಅವಳ ಫೋನು ಸ್ವಿಚ್ ಆಫ್. ಅವರ ಊರಿನ ಅಂಗಡಿಯೊಂದಕ್ಕೆ ಫೋನು ಮಾಡಿ ವಿಚಾರಿಸಿದೆ. ಅಂಗಡಿಯಲ್ಲಿ ಸಾಮಾನು ಕೊಳ್ಳಲು ನಿಂತಿದ್ದ ಹೆಂಗಸೊಬ್ಬರು ರಿಸೀವರ್ ಇಸಿದುಕೊಂಡರು. ತಾನು ಪವಿತ್ರಳ ಸೋದರತ್ತೆ, ಹುಡುಗಿ ಬೆಳಗಿನ ಬಸ್ಸು ಹತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದರು. ಅವಳವ್ವನಿಗೆ ನಾನೇ ಹೋಗಿ ಹೇಳ್ತೀನಿ ಎಂದು ಫೋನಿಟ್ಟರು.

ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಆ ಖಾಸಗಿ ಬಸ್ಸು ಸಕಲೇಶಪುರದಲ್ಲಿ ಜನ ಇಳಿಸಿ, ಮತ್ತೆ ಹತ್ತಿಸಿಕೊಂಡು ಘಾಟಿಯ ಕಡೆ ಹೋಗುತ್ತದೆ. ಅಲ್ಲಿದ್ದ ಏಜೆಂಟರು ತಿರುಗಿ ಬಂದ ಕಂಡಕ್ಟರನ್ನು ಕರೆಸಿದರು. ಕಿಟಕಿಗೆ ಒರಗಿ ಮಲಗಿದ್ದ ಹುಡುಗಿಯೊಬ್ಬಳು ದೋಣಿಗಲ್ ದಾಟಿ ಘಾಟಿ ಇಳಿಯುವಾಗ ಎಚ್ಚರವಾಗಿ, ಅಳುತ್ತ ಅಲ್ಲೇ ಇಳಿದುಬಿಟ್ಟಳು, ಮುಂದಿನ ಊರಿನ ತನಕ ಇರು ಅಂದರೂ ಕೇಳಲಿಲ್ಲ ಎಂದ. ಒಂದು ಕಡೆ ಕಾಡು, ಒಂದು ಕಡೆ ಪ್ರಪಾತ, ನಡುವೆ ಮಂಗಳೂರಿನ ಲಾರಿಗಳು. ಆ ದಾರಿಯಲ್ಲಿ ಅರೆನಿದ್ದೆಯ ಹುಡುಗಿ ಒಬ್ಬಳೇ.

ಆಟೋ ಮಾಡಿಕೊಂಡು ಹೊರಟೆ. ದೋಣಿಗಲ್ ಹತ್ತಿರ ರಸ್ತೆ ಬದಿಯ ಟೀ ಅಂಗಡಿಯ ಮುಂದೆ ಅವಳ ಹಸಿರು ಬ್ಯಾಗು ಕಾಣಿಸಿತು. ಅಂಗಡಿಯ ಹೆಂಗಸು, ಘಾಟಿ ಹತ್ತಿ ನಡೆದು ಬರುತ್ತಿದ್ದ ಹುಡುಗಿಯನ್ನು ಕರೆದು ಕೂರಿಸಿದ್ದಳಂತೆ. ಒಳಗೆ ಬೆಂಚಿನ ಮೇಲೆ ಪವಿತ್ರ ಮತ್ತೆ ನಿದ್ದೆ ಹೋಗಿದ್ದಳು. ಕಾಲಿಗೆಲ್ಲ ಧೂಳು. ಒಂದು ಚಪ್ಪಲಿಯ ಬಾರು ಕಿತ್ತಿತ್ತು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಎಬ್ಬಿಸಲು ಮನಸ್ಸಾಗದೆ ಪಕ್ಕದಲ್ಲಿ ಕೂತೆ.

ಅವಳು ತಾನೇ ಎದ್ದು, ನನ್ನನ್ನು ನೋಡಿ, ಮೊದಲು ಕೇಳಿದ್ದು ಫೋನು ಎಲ್ಲಾದರೂ ಚಾರ್ಜಿಗೆ ಹಾಕಬಹುದಾ ಎಂದು.

“ಅವ್ವ ಕಾಯ್ತಾ ಇರ್ತಾಳೆ ಮೇಡಂ. ನಂದು ಬರ್ಲಿಲ್ಲ ಅಂದ್ರೆ ಅವಳು ಕೂತಲ್ಲೇ ಕೂತಿರ್ತಾಳೆ.”

ಆಗ ಅವಳು ಹೇಳಿದ್ದು ಇದು. ಅವಳ ತಾಯಿ ಗಿರಿಜಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಪವಿತ್ರ ಹೈಸ್ಕೂಲಿಗೆ ಬಂದ ವರ್ಷ ತಂದೆ ತೀರಿಕೊಂಡರು. ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಮಲಗಿದ್ದವರಿಗೆ ರಾತ್ರಿ ಎದೆನೋವು ಬಂದು ಕೂಗಿದರಂತೆ. ಪವಿತ್ರ ಅವತ್ತು ಮಾವನ ಮನೆಗೆ ಹೋಗಿದ್ದಳು. ಒಳಗೆ ಮಲಗಿದ್ದ ಗಿರಿಜಮ್ಮನಿಗೆ ಕೂಗು ಕೇಳಲಿಲ್ಲ. ಪಕ್ಕದ ಮನೆಯಲ್ಲಿದ್ದ ಗಂಡನ ಅಕ್ಕ, ಅಂದರೆ ಅಂಗಡಿಯ ಫೋನಿನಲ್ಲಿ ನನ್ನೊಡನೆ ಮಾತಾಡಿದ ಚೆನ್ನಮ್ಮ, ಓಡಿ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಆಸ್ಪತ್ರೆಗೆ ಒಯ್ದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ಅಂದಿನಿಂದ ಗಿರಿಜಮ್ಮ ಮಗಳ ಮಣಿಕಟ್ಟು ಹಿಡಿದುಕೊಳ್ಳದೆ ಕಣ್ಣು ಮುಚ್ಚಿದ್ದಿಲ್ಲ. ಮಗಳು ಹೊರಳಿದರೂ ಅವರಿಗೆ ಎಚ್ಚರ.

ಮಗಳು ಹಾಸ್ಟೆಲ್‌ಗೆ ಬಂದಾಗ, ಹೊಂಗಡಹಳ್ಳದ ಕಡೆ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ ಮಾವ ಅಕ್ಕನಿಗೊಂದು, ಸೊಸೆಗೊಂದು ಹಳೆಯ ಫೋನು ಕೊಡಿಸಿದರು. ಫೋನು ಬಂದರೆ ನಡುಗುತ್ತದಲ್ಲ, ಆ ನಡುಕವನ್ನು ಗಿರಿಜಮ್ಮ ಅಂಗೈಯಲ್ಲಿ ಹಿಡಿದು ತಿಳಿಯುತ್ತಿದ್ದರು. ಹಸಿರು ಗುಂಡಿ ಎರಡು ಸಲ ಒತ್ತಿದರೆ ಮಗಳಿಗೆ ಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಕೆಂಪು ಗುಂಡಿ. ಮಾತಿಲ್ಲ, ಕಾಸೂ ಇಲ್ಲ. ಎಚ್ಚರವಾದಾಗಲೆಲ್ಲ ಅವರು ಮಿಸ್ ಕಾಲ್ ಕೊಡುತ್ತಿದ್ದರು. ಮಗಳು ತಿರುಗಿ ಕೊಟ್ಟರೆ ಸಮಾಧಾನ. ಇತರರಿಗೆ ತೊಂದರೆಯಾಗದಿರಲಿ ಎಂದು ಪವಿತ್ರ ತನ್ನ ಫೋನಿನ ಶಬ್ದ, ನಡುಕ ಎರಡನ್ನೂ ನಿಲ್ಲಿಸಿ, ಪರದೆಯನ್ನೇ ನೋಡುತ್ತ ಮಲಗುತ್ತಿದ್ದಳು. ನಿದ್ದೆ ಎಳೆಯಬಾರದೆಂದು ಹಾವಿನ ಆಟ ಆಡುತ್ತಿದ್ದಳು.

“ಮೊದ್‌ಮೊದ್ಲು ಅವ್ವನಿಗೋಸ್ಕರ ಎದ್ದಿರ್ತಿದ್ದೆ ಮೇಡಂ. ಈಗ ಅವ್ವಂದು ಬರ್ದೆ ಹೋದ್ರೂ ನಿದ್ದೆ ಬರಾಕಿಲ್ಲ. ಕಣ್ಣು ಮುಚ್ಚಿದ್ರೂ ಆ ಬೆಳಕೇ ಕಾಣ್ತೈತೆ.”

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಎಲ್ಲರೂ ಮೂಗಿಯ ಮಗಳು ಅಂತಾರೆ ಎಂದಳು. ಪ್ರೈಮರಿ ಶಾಲೆಯಲ್ಲಿ ಅಂದಿದ್ದರಂತೆ.

ಹುಡುಗಿ ಕಾಣೆಯಾಗಿದ್ದ ವಿಷಯ ಅಧಿಕಾರಿಯವರಿಗೆ ಅವತ್ತೇ ಮುಟ್ಟಿತ್ತು. ಮರುದಿನ ನನ್ನನ್ನೂ ಪವಿತ್ರಳನ್ನೂ ಕಚೇರಿಗೆ ಕರೆಸಿದರು. ಹುಡುಗಿಯನ್ನು ಹಾಸ್ಟೆಲ್‌ನಿಂದ ಬಿಡಿಸುವುದೇ ಸರಿ, ಇತರರಿಗೂ ಬುದ್ಧಿ ಬರುತ್ತದೆ ಎಂಬುದು ಅವರ ತೀರ್ಮಾನ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಆ ಹುಡುಗ ಯಾರು ಎಂದು ನಾನೇ ಕೇಳುತ್ತೇನೆ ಎಂದು ಪವಿತ್ರಳ ಫೋನು ತೆಗೆದುಕೊಂಡು ಅದರಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ ಒಂದೇ ನಂಬರಿಗೆ ಮಾಡಿದರು. ಆ ಕಡೆ ಕಟ್ಟಾಯಿತು. ಮರುಕ್ಷಣ ಅದೇ ನಂಬರಿನಿಂದ ಕರೆ ಬಂತು, ಎತ್ತುವಷ್ಟರಲ್ಲಿ ನಿಂತಿತು. ಅವರು ಮತ್ತೆ ಮಾಡಿದರು. ಮತ್ತೆ ಹಾಗೆಯೇ ಆಯಿತು.

“ಏನಿದು ಆಟ?” ಎಂದು ಅವರು ನನ್ನನ್ನು ನೋಡಿದರು.

“ಇವಳ ತಾಯಿ ಮೇಡಂ. ಕಿವಿ ಕೇಳಲ್ಲ, ಮಾತು ಬರಲ್ಲ. ನಿಮ್ಮನ್ನ ಮಗಳು ಅಂದುಕೊಂಡು ಉತ್ತರ ಕೊಡ್ತಿದಾರೆ.”

ಅಧಿಕಾರಿಯವರು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಅದು ಇನ್ನೊಮ್ಮೆ ಬೆಳಗಿ ಆರಿತು. ಎರಡು ಸಲ ಕರೆ ಹೋಗಿದ್ದಕ್ಕೆ ಆ ತಾಯಿಗೆ ಗಾಬರಿಯಾಗಿರಬೇಕು. ಪವಿತ್ರ ಅನುಮತಿ ಕೇಳದೆ ಕೈಚಾಚಿ ಅದನ್ನು ತೆಗೆದುಕೊಂಡು ತಿರುಗಿ ಒಂದು ಮಿಸ್ ಕಾಲ್ ಕೊಟ್ಟಳು. ಬಿಡಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಚೀಲದ ವಿಷಯ ನಿಮಗೆ ಸರಿಕಂಡಂತೆ ಮಾಡಿ, ಆದರೆ ಈ ಹುಡುಗಿ ಮಲಗಬೇಕು, ಅದು ನಿಮ್ಮ ಜವಾಬ್ದಾರಿ ಎಂದು ನನಗೆ ಹೇಳಿದರು. ಕೆಲಸದಲ್ಲಿ ನನಗೆ ಸಿಕ್ಕ ಆದೇಶಗಳಲ್ಲಿ ಅಷ್ಟು ಒಳ್ಳೆಯದು ಬೇರೆ ಯಾವುದೂ ಇರಲಿಲ್ಲ.

ಮುಂದಿನ ಭಾನುವಾರ ಪವಿತ್ರಳ ಜೊತೆ ಅವರೂರಿಗೆ ಹೋದೆ. ಗಿರಿಜಮ್ಮ ತೆಳ್ಳಗಿನ, ಎತ್ತರದ ಹೆಂಗಸು. ಕಣ್ಣು ಪೂರ ಕೆಂಪಾಗಿದ್ದವು. ನಾನು ಬಾಯಿ ತೆರೆದರೆ ತುಟಿಯನ್ನೇ ನೋಡುತ್ತಿದ್ದರು. ಪವಿತ್ರ ಕೈಯಾಡಿಸಿ ಎಲ್ಲವನ್ನೂ ಹೇಳಿದಳು: ರಾತ್ರಿ ಎದ್ದಿರುವುದು, ಆಟ, ಬಸ್ಸು, ಘಾಟಿ. ಮಗಳು ಒಂದು ಮಿಸ್ ಕಾಲ್ ಕೊಟ್ಟು ಹೊರಳಿ ಮಲಗುತ್ತಾಳೆ ಎಂದೇ ಆ ತಾಯಿ ತಿಳಿದಿದ್ದರು. ತಾನು ಮಗಳ ನಿದ್ದೆ ಕಸಿದಿದ್ದೇನೆಂದು ಗೊತ್ತಾದ ಕೂಡಲೆ ಅವರು ಎದ್ದು ಒಳಗೆ ಹೋಗಿ ತಮ್ಮ ಫೋನು ತಂದು ನನ್ನ ಮಡಿಲಿಗೆ ಹಾಕಿದರು. ಗೋಡೆಗೆ ಮುಖ ಮಾಡಿ ನಿಂತರು. ಗಂಟಲಿನಿಂದ ಸಣ್ಣದೊಂದು ಸದ್ದು ಬರುತ್ತಿತ್ತು, ತಮಗೆ ಅದು ಕೇಳಿಸುವುದಿಲ್ಲವಲ್ಲ, ಹಾಗಾಗಿ ಅದನ್ನು ತಡೆಯಲೂ ಅವರಿಗೆ ಗೊತ್ತಿರಲಿಲ್ಲ. ಪವಿತ್ರ ಹಿಂದಿನಿಂದ ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡಳು.

ನಾನು ಆ ಫೋನನ್ನು ತರಲಿಲ್ಲ. ಅಲ್ಲೇ ಅವರ ಚಾಪೆಯ ಮೇಲಿಟ್ಟು ಎದ್ದು ಪಕ್ಕದ ಮನೆಗೆ ಹೋದೆ.

ಚೆನ್ನಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಬಂದದ್ದು ಯಾಕೆಂದು ಅವರಿಗೆ ತಿಳಿದಿತ್ತು. ಎರಡು ಮನೆಗೂ ಪವಿತ್ರಳ ತಂದೆ ಸತ್ತ ವರ್ಷದಿಂದ ಹೋಗಿ ಬರುವುದಿರಲಿಲ್ಲ. ಆ ಸೋಮವಾರ, ಹುಡುಗಿ ಕಾಣೆಯಾದ ಸುದ್ದಿ ಹೇಳಲು, ಅವರು ಮೊದಲ ಸಲ ಆ ಹೊಸ್ತಿಲು ತುಳಿದಿದ್ದರು. ಹುಡುಗಿ ಸಿಕ್ಕಳೆಂದು ಗೊತ್ತಾದ ಮೇಲೆ ಮತ್ತೆ ತಮ್ಮ ಮನೆಗೆ ಬಂದುಬಿಟ್ಟಿದ್ದರು. ಯಾಕೆ ಮಾತು ಬಿಟ್ಟಿರಿ ಎಂದು ನಾನು ಕೇಳಲಿಲ್ಲ. ಗಿರಿಜಮ್ಮನಿಗೆ ರಾತ್ರಿ ನಿದ್ದೆ ಇಲ್ಲ, ಅದಕ್ಕೇ ಮಗಳಿಗೂ ಇಲ್ಲ ಎಂದಷ್ಟೇ ಹೇಳಿದೆ.

“ನಂಗೇನು ಬತ್ತೈತಾ ಮೇಡಮ್ಮ? ಆ ಮನೆ ದೀಪ ಬೆಳಗಾನ ಉರಿಯಾದು ಇಲ್ಲಿಗೆ ಕಾಣ್ತೈತೆ,” ಎಂದರು. ಅವರೆಕಾಯಿಯನ್ನು ಬದಿಗಿಟ್ಟರು. “ನನ್ ತಮ್ಮ ಹೋದ ದಿನ ಸಂಕಟಕ್ಕೆ ಅಂದ್ಬುಟ್ಟೆ, ನಿನಗೆ ಕಿವಿ ಇದ್ದಿದ್ರೆ ಅವನು ಉಳೀತಿದ್ದ ಅಂತ. ಹೆಂಗೂ ಅವಳಿಗೆ ಕೇಳಾಕಿಲ್ಲ ಅಂತ ಅಂದೆ. ಅವಳು ನನ್ ಬಾಯಿ ನೋಡ್ತಿದ್ಲು ಕಣಮ್ಮ. ಪೂರಾ ತಿಳ್ಕಂಬುಟ್ಲು.”

ಆಮೇಲೆ ಅವರೇ ಕೇಳಿದರು.

“ನಾನು ಹೋಗಿ ಮಲಗಿದ್ರೆ ಬ್ಯಾಡ ಅಂದಾಳಾ?”

ಅದು ನನಗೆ ಗೊತ್ತಿಲ್ಲ, ನೀವೇ ಹೋಗಿ ಕೇಳಿ ಎಂದೆ. ಅವರು ತಲೆಯಾಡಿಸಿದರು, ಆದರೆ ಎದ್ದು ಬರಲಿಲ್ಲ. ನಾವು ಸಂಜೆಯ ಬಸ್ಸಿಗೆ ಹೊರಟಾಗಲೂ ಅವರು ಅಂಗಳದಲ್ಲೇ ಇದ್ದರು. ನಾನು ಹೋದ ಕೆಲಸ ಆಗಲಿಲ್ಲವೆಂದೇ ಅಂದುಕೊಂಡೆ.

ಆಮೇಲೆ ಗೊತ್ತಾಯಿತು, ಅವತ್ತೇ ದೀಪ ಹಚ್ಚುವ ಹೊತ್ತಿಗೆ ಚೆನ್ನಮ್ಮ ಚಾಪೆ, ದಿಂಬು ಕಂಕುಳಲ್ಲಿಟ್ಟುಕೊಂಡು ಆ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದರು. ಗಿರಿಜಮ್ಮ ಬಹಳ ಹೊತ್ತು ಅವರ ತುಟಿಯನ್ನೇ ನೋಡಿದರಂತೆ, ಏನಾದರೂ ಹೇಳುತ್ತಾರೇನೋ ಎಂದು. ಚೆನ್ನಮ್ಮ ಏನೂ ಹೇಳಲಿಲ್ಲ. ಬಳೆ ತೊಟ್ಟ ಮಣಿಕಟ್ಟನ್ನು ಮುಂದೆ ಚಾಚಿದರು. ಗಿರಿಜಮ್ಮ ಬಾಗಿಲು ಬಿಟ್ಟು ಸರಿದರು. ಇದನ್ನು ಪವಿತ್ರ ನನಗೆ ಹೇಳಿದ್ದು ಮುಂದಿನ ಸಲ ಊರಿಗೆ ಹೋಗಿ ಬಂದ ಮೇಲೆ, ಅತ್ತೆಯ ಬಾಯಿಂದಲೇ ಕೇಳಿ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಇಷ್ಟಾದ ತಕ್ಷಣ ಹುಡುಗಿಗೆ ನಿದ್ದೆ ಬಂತೆಂದು ತಿಳಿಯಬೇಡಿ. ಬರಲಿಲ್ಲ. ಊಟವಾದ ಮೇಲೆ ತಾಯಿಗೊಂದು ಮಿಸ್ ಕಾಲ್ ಕೊಟ್ಟು ಫೋನನ್ನು ನನ್ನ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಹೋಗುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೆ ಇನ್ನೊಂದು. ನಡುವಿನ ಹೊತ್ತು ಅವಳಿಗೆ ಕಷ್ಟವಾಗಿತ್ತು. ಕೈ ತಾನಾಗಿ ದಿಂಬಿನ ಕೆಳಗೆ ಹುಡುಕುತ್ತಿತ್ತು. ಪರದೆಯ ಬೆಳಕಿಗೆ ಒಗ್ಗಿದ ಕಣ್ಣು ಕತ್ತಲಿಗೆ ಒಗ್ಗಲು ಹೊತ್ತು ಬೇಕು. ತಾಯಿಯ ಚಿಂತೆ ತೀರಿದ ಮೇಲೂ ಆಟದ ಚಟ ಉಳಿದಿತ್ತು. ಎರಡು ಸಲ ನನ್ನ ಕೋಣೆಗೆ ಬಂದು ಫೋನು ಕೇಳಿದಳು. ಕೊಟ್ಟೆ. ಅವ್ವನಿಂದ ಏನೂ ಬಂದಿಲ್ಲವೆಂದು ನೋಡಿ ಅವಳೇ ವಾಪಸಿಟ್ಟು ಹೋದಳು. ಮೂರನೆಯ ಸಲ ಬರಲಿಲ್ಲ. ಆ ತಿಂಗಳು ಕಳೆಯುವಷ್ಟರಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಅವಳ ಮುಖವನ್ನು ನಾನು ಹುಡುಕಿ ನೋಡಬೇಕಾಯಿತು, ಎಲ್ಲರಂತೆಯೇ ಆಗಿಬಿಟ್ಟಿತ್ತು.

ಅವಳನ್ನು ನೋಡಿ ಇತರ ಹುಡುಗಿಯರೂ ಫೋನು ತಂದಿಡತೊಡಗಿದರು. ಎಲ್ಲರೂ ಅಲ್ಲ. ಚೀಲ ಹಿಡಿದು ಹೋಗಿ ಕಿತ್ತುಕೊಂಡಿದ್ದರೆ ಎಲ್ಲವೂ ಸಿಗುತ್ತಿದ್ದವೋ ಏನೋ. ಆದರೆ ಫೋನು ಇಡಲು ಬಂದವರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಒಬ್ಬಳಿಗೆ ಮನೆಯಲ್ಲಿ ಮದುವೆಯ ಮಾತು ನಡೆದಿತ್ತು, ಅಕ್ಕ ಮೆಸೇಜಿನಲ್ಲಿ ಸುದ್ದಿ ಕೊಡುತ್ತಿದ್ದಳು. ಒಬ್ಬಳಿಗೆ ನಿಜವಾಗಿಯೂ ಒಬ್ಬ ಹುಡುಗನಿದ್ದ. ಒಬ್ಬಳಿಗೆ ಯಾರೂ ಇರಲಿಲ್ಲ, ಅದಕ್ಕೇ ಆಟ ಆಡುತ್ತಿದ್ದಳು. ಆ ಬಾಗಿಲಿನಲ್ಲಿ ನಿಂತು ಅವರು ಹೇಳಿದ್ದೆಲ್ಲ ನನಗೆ ಬೇರೆ ಯಾವ ತಪಾಸಣೆಯಲ್ಲೂ ಸಿಗುತ್ತಿರಲಿಲ್ಲ. ಫೋನು ತೆಗೆದಿಡಿಸುವ ಮೊದಲು, ಆ ಹುಡುಗಿ ಮಲಗುವ ಹೊತ್ತಿನಲ್ಲಿ ಅದರಲ್ಲಿ ಏನನ್ನು ಕಾಯುತ್ತಿದ್ದಾಳೆಂದು ಕೇಳಿ. ಹೋದ ತಿಂಗಳು ಮನೆಗೆ ಬಂದಿದ್ದ ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇದು.

ಪವಿತ್ರ ಆ ವರ್ಷ ಲೆಕ್ಕದಲ್ಲಿ ಫೇಲಾದಳು. ಅಷ್ಟು ದಿನ ಕಳೆದುಹೋದ ಪಾಠ ಎಲ್ಲಿಂದ ಬರಬೇಕು? ಮರುಪರೀಕ್ಷೆಯಲ್ಲಿ ಪಾಸಾಗಿ ಮುಂದೆ ಓದಿದಳು. ಈಗ ಹಾಸನದಲ್ಲಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಗಂಡ, ಮಗು ಇದ್ದಾರೆ. ಗಿರಿಜಮ್ಮ, ಚೆನ್ನಮ್ಮ ಇಬ್ಬರದೂ ಈಗ ಒಂದೇ ಒಲೆ.

ಪವಿತ್ರಳ ಎರಡನೆಯ ವರ್ಷದ ಹಾಸ್ಟೆಲ್ ಡೇಗೆ ಪೋಷಕರನ್ನು ಕರೆದಿದ್ದೆವು. ಗಿರಿಜಮ್ಮನೂ ಬಂದಿದ್ದರು. ಬೆಳಗಿನ ಮೊದಲ ಬಸ್ಸಿಗೆ ಹೊರಟು, ನಮ್ಮ ಹುಡುಗಿಯರಿಗೆಲ್ಲ ಎಂದು ಒಂದು ಬುಟ್ಟಿ ಕಿತ್ತಳೆ ಹೊತ್ತುಕೊಂಡು ಬಂದಿದ್ದರು. ಮೂಗಿಯ ಮಗಳು ಅಂತಾರೆ ಎಂದು ಹೆದರಿದ್ದ ಪವಿತ್ರ ತಾನೇ ತಾಯಿಯ ಕೈ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಲ್ಲಿಸಿ ಪರಿಚಯ ಮಾಡಿಸಿದಳು. ಹುಡುಗಿಯರು ಅವರಿಂದ ಕೈಭಾಷೆಯಲ್ಲಿ ತಮ್ಮ ಹೆಸರು ಹೇಳುವುದನ್ನು ಕಲಿತರು. ಊಟವಾದ ಮೇಲೆ ಸಂಜೆಯ ಕಾರ್ಯಕ್ರಮಕ್ಕೆ ಹಾಲ್‌ನಲ್ಲಿ ಅಭ್ಯಾಸ ಶುರುವಾಯಿತು. ಡೋಲು, ಹಾಡು, ಕುಣಿತ, ಮೈಕಿನ ಕಿರುಚಾಟ. ಮೂಲೆಯ ಮಂಚದ ಮೇಲೆ ಕೂತು ನೋಡುತ್ತಿದ್ದ ಗಿರಿಜಮ್ಮ ಹಾಗೆಯೇ ಒರಗಿದರು. ನೋಡಿದರೆ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ಕೈಗಳು ಬಿಚ್ಚಿ ಮಗ್ಗುಲಲ್ಲಿ ಬಿದ್ದಿದ್ದವು, ಯಾರ ಮಣಿಕಟ್ಟನ್ನೂ ಹಿಡಿದಿರಲಿಲ್ಲ.

ಮೊದಲು ನೋಡಿದ ಹುಡುಗಿ ಡೋಲು ಬಾರಿಸುವವಳ ಕೈ ಹಿಡಿದಳು. ಯಾರೋ ಮೈಕು ಆರಿಸಿದರು. ಕುಣಿಯುತ್ತಿದ್ದವರು ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಅಡುಗೆಮನೆಯ ಕಡೆಯಿಂದ ಗಟ್ಟಿಯಾಗಿ ಮಾತಾಡುತ್ತ ಬಂದವಳಿಗೆ ಎಲ್ಲರೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಇಡೀ ಹಾಲ್ ತುದಿಗಾಲಿನಲ್ಲಿ ನಡೆಯಿತು, ಪಿಸುಮಾತಿನಲ್ಲಿ ಮಾತಾಡಿತು. ಅವರಿಗೆ ಯಾವ ಸದ್ದೂ ಕೇಳಿಸುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪವಿತ್ರಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ ಹೋಗಿ, ಅವರ ಮೇಲೊಂದು ಕಂಬಳಿ ಹೊದಿಸಿ ಬಂದೆ.